‘ಎಕ್ಸ್‌ಪೋಷರ್’ ಅನ್ನುವುದಕ್ಕೆ ‘ಒಡ್ಡಿಕೊಳ್ಳುವಿಕೆ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಬಣ್ಣ ಕಲೆಸುವ ಒಂದು ಸಣ್ಣ ಶೆಡ್ ಇದೆ. ಅದರ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇನೆ. ವಿಷಯ ಟೈಟಾನಿಯಂ ಡೈಆಕ್ಸೈಡ್, ಅಂದರೆ ಬಣ್ಣಕ್ಕೆ ಬಿಳುಪು ಕೊಡುವ ಪುಡಿ. ಚೀಲ ಕತ್ತರಿಸಿ ಡ್ರಮ್ಮಿಗೆ ಸುರಿಯುವಾಗ ಹೊಗೆಯ ಹಾಗೆ ಏಳುತ್ತದೆ. (ಚೀಲದಲ್ಲಿದ್ದಾಗ ಪುಡಿ, ಗಾಳಿಗೆ ಬಂದರೆ ಧೂಳು. ಅಲ್ಲಿನವರು ಈ ಎರಡನ್ನು ಎಂದೂ ಬೆರೆಸುವುದಿಲ್ಲ.)

ಇಂಥ ಧೂಳು ಕೆಲಸಗಾರರ ಮೈಗೆ, ಉಸಿರಿಗೆ ತಾಗುವುದನ್ನು ಇಂಗ್ಲಿಷಿನಲ್ಲಿ ‘ಎಕ್ಸ್‌ಪೋಷರ್’ ಅನ್ನುತ್ತಾರೆ. ಅದಕ್ಕೆ ಪುಸ್ತಕದ ಪದ ‘ಒಡ್ಡಿಕೊಳ್ಳುವಿಕೆ’. ಹಾಗೇ ಬರೆದು ಓದಿ ತೋರಿಸಿದೆ. ಬಹಳ ವರ್ಷದಿಂದ ಅಲ್ಲಿ ದುಡಿಯುವ ಕಾಕಾ ಒಬ್ಬರು, “ನಾ ಯಾಕ ಒಡ್ಡಲಿ ತಮ್ಮಾ, ಅದ ಬಂದು ಬಡೀತೈತಿ” ಅಂದರು. ನಿಜ ಅಲ್ವಾ? ಕೈಯೊಡ್ಡು, ಎದೆಯೊಡ್ಡು, ಎಲ್ಲದರಲ್ಲೂ ಒಡ್ಡುವವನ ಇಷ್ಟ ಇದೆ. ಹೊಟ್ಟೆಪಾಡಿಗೆ ಚೀಲ ಸುರಿಯುವವನು ತಾನಾಗಿಯೇ ಧೂಳಿಗೆ ಎದೆ ಕೊಟ್ಟ ಅನ್ನುವ ಅರ್ಥ ಬಂದರೆ ತಪ್ಪೆಲ್ಲ ಅವನ ತಲೆಗೇ ಬರುತ್ತದೆ. ನನಗೆ ಅದು ಬೇಡ.

‘ಬಿಸಿಲು ಬಡಿಯಿತು’ ಅನ್ನುವ ಹಾಗೆ ‘ಧೂಳು ಬಡಿಯುವುದು’ ಚೆನ್ನಾಗಿದೆ, ಆದರೆ ‘ಬಡಿತ’ ಅಂದ ತಕ್ಷಣ ಎದೆ ಬಡಿತ ನೆನಪಾಗುತ್ತದೆ. ‘ಸೋಕು’ ಹಳೆಯ ಒಳ್ಳೆಯ ಪದ, ಕೊರೊನಾ ಆದಮೇಲೆ ‘ಸೋಂಕು’ ಅಂದರೆ ಒಬ್ಬರಿಂದ ಒಬ್ಬರಿಗೆ ಹರಡುವುದು ಅಂತಲೇ ಜನ ತಿಳಿಯುತ್ತಾರೆ.

‘ಹತ್ತುವುದು’ ಅಂದರೆ ಇನ್ನೂ ತೊಡಕು. ಕೈಗೆ ಹತ್ತಿದ್ದು ತೊಳೆದರೆ ಹೋಗುತ್ತದೆ, ಸನ್‌ಸ್ಕ್ರೀನ್ ಕ್ರೀಮಿನಲ್ಲೂ ಇದೇ ಪುಡಿ ಹಾಕುತ್ತಾರೆ. ಚಿಂತೆ ಇರುವುದು ಉಸಿರಿನದು. ತುಂಬಾ ಧೂಳು ಎಳೆದುಕೊಂಡ ಇಲಿಗಳ ಶ್ವಾಸಕೋಶದಲ್ಲಿ ಗಡ್ಡೆ ಕಂಡವು, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಿಗೂ ಕ್ಯಾನ್ಸರ್ ತಂದೀತು ಅನ್ನುವ ಶಂಕೆಯ ಗುಂಪಿಗೆ ಸೇರಿಸಿದೆ. ಕಾರ್ಮಿಕರ ಮೇಲಿನ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ, ಅದನ್ನೂ ಸೂಚನೆಯಲ್ಲಿ ಬರೆಯುತ್ತೇನೆ, ಸುಮ್ನೆ ಹೆದರಿಸಬಾರದು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ 2011ರಲ್ಲಿ ಹೇಳಿದ ಮಿತಿ ಒಂದು ಘನ ಮೀಟರ್ ಗಾಳಿಗೆ 2.4 ಮಿಲಿಗ್ರಾಂ, ನ್ಯಾನೋ ಗಾತ್ರದ, ಅಂದರೆ ಅತಿ ಸಣ್ಣ ಕಣವಾದರೆ ಬರೀ 0.3. ಅಳೆಯುವುದು ಉಸಿರಾಡುವ ಗಾಳಿಯನ್ನು. ಹಾಗಿರುವಾಗ ‘ಒಡ್ಡಿಕೆಯ ಮಿತಿ’ ಯಾರಿಗೆ ತಿಳಿಯುತ್ತದೆ?

ಸದ್ಯಕ್ಕೆ ‘ಉಸಿರಿಗೆ ಧೂಳು ಸೇರುವುದು’ ಅಂತ ಬರೆದಿದ್ದೇನೆ. ಅರ್ಥ ಸರಿ ಇದೆ, ಉದ್ದ ಜಾಸ್ತಿ. ಇಳಕಲ್ ಕಡೆ ಗ್ರಾನೈಟ್ ಕ್ವಾರಿಯಲ್ಲಿ, ಹತ್ತಿ ಜಿನ್ನಿನಲ್ಲಿ ಕೆಲಸ ಮಾಡುವವರು ಇದಕ್ಕೆ ಏನಂತಾರೆ? ಅವರ ಬಾಯಲ್ಲಿ ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಹಾಕುತ್ತೇನೆ.