ಅಮ್ಮನ ದಾಸರ ಪದ ರೆಕಾರ್ಡಿಂಗ್: ಮೈಕ್ ಬದಲಿಸ್ಬೇಕಾ, ಜಾಗ ಬದಲಿಸ್ಬೇಕಾ?

ಡೊಂಬಿವಲಿ_ಶ್ರುತಿ:
ನಮಸ್ಕಾರ ಎಲ್ರಿಗೂ. ಅಮ್ಮ ಹಾಡೋ ದಾಸರ ಪದಗಳನ್ನ ಹಾರ್ಮೋನಿಯಂ ತಬಲಾ ಜೊತೆ ಚೆನ್ನಾಗಿ ರೆಕಾರ್ಡ್ ಮಾಡಿ ಇಡ್ಬೇಕು ಅಂತ ಆಸೆ. ದಾದರ್ ಕಡೆ ಒಂದು ಸ್ಟುಡಿಯೋಗೆ ಹೋದ್ವಿ, ಅಮ್ಮನ್ನ ಒಬ್ಬರನ್ನೇ ಸಣ್ಣ ಬೂತಲ್ಲಿ ನಿಲ್ಲಿಸಿ ಹೆಡ್‌ಫೋನ್ ಹಾಕಿದ್ರು, ಮೈಕ್ ನ್ಯೂಮನ್ ಯು87, ಆದ್ರೂ ಕೇಳಿದ್ರೆ ದನಿ ಒಣಗಿದ ಹಾಗಿದೆ, ದೇವರ ಮುಂದೆ ಕೂತು ಹಾಡುವಾಗಿನ ತುಂಬು ಕಂಠ ಇಲ್ವೇ ಇಲ್ಲ. ಮನೇಲೇ ಮಾಡೋಣ ಅಂದ್ರೆ ಮಳೆ, ಫ್ಯಾನು, ಲೋಕಲ್ ಟ್ರೇನು. ಬೇರೆ ಮೈಕ್ ಹಾಕಿದ್ರೆ ಸರಿಹೋಗುತ್ತಾ?

ಕೋಥ್ರೂಡ್_ಮಿಕ್ಸಿಂಗ್:
ಮೈಕ್ ಒಳ್ಳೇದೇ ಅಕ್ಕಾ, ದನಿ ತಿಂದಿರೋದು ಆ ಬೂತು. ಗೋಡೆ ತುಂಬ ಫೋಮ್ ಇದ್ರೆ ಹಾಡಿದ್ದು ವಾಪಸ್ ಕಿವಿಗೆ ಬರಲ್ಲ, ಹಿರಿಯರು ತಮಗೇ ಗೊತ್ತಿಲ್ದೆ ಒಂದೋ ಒತ್ತಿ ಹಾಡ್ತಾರೆ ಇಲ್ಲಾ ದನಿ ಒಳಗೆ ಎಳ್ಕೋತಾರೆ, ಆಮೇಲೆ ಎಷ್ಟು ರಿವರ್ಬ್ (ಕೃತಕ ಗುಂಗು) ಹಾಕಿದ್ರೂ ಹಾಡಿದ ರೀತಿ ಬದಲಾಗಲ್ಲ. ದೊಡ್ಡ ರೂಮಿರೋ ಸ್ಟುಡಿಯೋ ಹುಡುಕಿ, ಅಮ್ಮನ್ನ ಚಾಪೆ ಮೇಲೆ ಕೂರಿಸಿ, ಮೈಕ್ ಒಂದೂವರೆ ಅಡಿ ದೂರ ಇಡ್ಸಿ. ದೂರ ಡಬಲ್ ಆದ್ರೆ ನೇರ ಬರೋ ದನಿ 6 ಡೆಸಿಬಲ್ ಇಳಿಯುತ್ತೆ, ರೂಮಿನ ಗುಂಗು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಹಾಗಾಗಿ ರೂಮ್ ಎಷ್ಟು ಬೇಕು ಅನ್ನೋದನ್ನ ಮೈಕ್ ಸರಿಸಿಯೇ ತೀರ್ಮಾನ ಮಾಡ್ಬಹುದು. ಯು87ರಲ್ಲಿ ಓಮ್ನಿ (ಎಲ್ಲಾ ಕಡೆಯಿಂದ ಕೇಳೋದು), ಕಾರ್ಡಿಯಾಯ್ಡ್ (ಹೆಚ್ಚಾಗಿ ಮುಂದಿಂದ ಕೇಳೋದು), ಫಿಗರ್ ಎಯ್ಟ್ (ಮುಂದೆ ಹಿಂದೆ ಕೇಳೋದು) ಮೂರೂ ಸೆಟ್ಟಿಂಗ್ ಇವೆ. ಕಾರ್ಡಿಯಾಯ್ಡ್‌ನಲ್ಲಿ ತೀರಾ ಹತ್ರ ಹೋದ್ರೆ ಬೇಸ್ ಉಬ್ಬುತ್ತೆ, ಓಮ್ನಿಯಲ್ಲಿ ಆ ಕಾಟ ಇಲ್ಲ.

ಮಡಗಾಂವ್_ತಬಲಾ:
ನಾ ತಬಲಾ ನುಡಿಸಾಂವ ರೀ, ಒಂದು ಮಾತು ಹೇಳ್ತೀನಿ. ಎಲ್ಲಾರ್ನೂ ಒಟ್ಟಿಗೆ ಕೂಡಿಸ್ರಿ. ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿದ್ರ ಪಲ್ಲವಿಗೆ ವಾಪಸ್ ಬರೂವಾಗ ಹಾಡವರ ಮುಖ ನೋಡಿ ಠೇಕಾ (ತಾಳದ ಬೋಲು) ತಿರುಗಿಸೋದು ಹೋಗೇ ಬಿಡ್ತದ, ಹೆಡ್‌ಫೋನ್‌ದಾಗ ಲಯ ತೋರ್ಸೋ ಕ್ಲಿಕ್ ಸದ್ದು ಕೇಳ್ಕೋತ ಬಾರಿಸಿದ್ರ ಪದ ಉಸಿರಾಡೂದಿಲ್ಲ. ಅಮ್ಮನ ಮೈಕಿಗೆ ತಬಲಾ ಸೋರ್ತದ ಅಂತ ಇಂಜಿನಿಯರ್ ಗೊಣಗ್ತಾರ, ಅದಕ್ಕ ಫಿಗರ್ ಎಯ್ಟ್ ಇಡ್ರಿ, ಅದು ಮುಂದ ಹಿಂದ ಕೇಳ್ತದ, ಎರಡೂ ಬಾಜೂ ಕಿವುಡು, ತಬಲಾ ಆ ಬಾಜೂಕ ಕೂಡಬೇಕು. ಆದ್ರ ಒಬ್ರು ತಪ್ಪಿದ್ರ ಎಲ್ಲಾರೂ ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ, ಅದು ಖರೇ.

ಚೆಂಬೂರ್_ಹಾಡು:
ನಾನು ಒಪ್ಪಲ್ಲ, ದೊಡ್ಡ ರೂಮಿಗೆ ಎಲ್ರೂ ದುಡ್ಡು ಹಾಕೋಕಾಗುತ್ತಾ. ಮನೇಲೇ ಶೂರ್ ಎಸ್‌ಎಂ58 ಥರ ಡೈನಮಿಕ್ ಮೈಕ್ ಬಾಯಿಗೆ ನಾಲ್ಕೈದು ಇಂಚಲ್ಲಿ ಇಟ್ಟು, ಗೇನ್ (ಮೈಕ್ ದನಿ ಏರಿಸೋ ಮಟ್ಟ) ಕಮ್ಮಿ ಮಾಡಿ, ಲೋ ಕಟ್ (ತಗ್ಗು ಸ್ವರದ ಗುಡುಗು ಸದ್ದು ಕತ್ತರಿಸೋ ಫಿಲ್ಟರ್) ಹಾಕಿದ್ರೆ ಹೊರಗಿನ ಸದ್ದು ಬಹಳ ತಗ್ಗುತ್ತೆ. ಅಮ್ಮ ಆರಾಮಾಗಿ ಹಾಡೋ ಜಾಗ ಅದೇ ಅಲ್ವಾ?

ಕೋಥ್ರೂಡ್_ಮಿಕ್ಸಿಂಗ್:
ಆರಾಮದ ಮಾತು ನಿಜ. ಆದ್ರೆ ಅಷ್ಟು ಹತ್ರ ಇಟ್ರೆ ತಲೆ ಸ್ವಲ್ಪ ತಿರುಗಿದ್ರೂ ದನಿ ಬದಲಾಗುತ್ತೆ, ಭಾವಕ್ಕೆ ತಲೆದೂಗಿ ಹಾಡೋರಿಗೆ ಕಷ್ಟ.

ಡೊಂಬಿವಲಿ_ಶ್ರುತಿ:
ಅಮ್ಮ ಕಣ್ಮುಚ್ಚಿ ತೂಗ್ತಾನೇ ಹಾಡೋದು, ಹಾಗಾಗಿ ದೊಡ್ಡ ರೂಮೇ ನೋಡ್ತೀನಿ. ತಂಬೂರಿ ಆಪ್ ಸ್ಪೀಕರಲ್ಲಿ ಹಾಕ್ಲಾ?

ಮಡಗಾಂವ್_ತಬಲಾ:
ಬ್ಯಾಡ್ರಿ, ಸ್ಪೀಕರ್ ಸದ್ದು ಮೈಕಿಗೆ ಸೋರ್ತದ, ಒಂದು ಕಿವಿಗಷ್ಟೇ ಹೆಡ್‌ಫೋನ್‌ದಾಗ ಕೊಡ್ರಿ, ಇನ್ನೊಂದು ಕಿವಿ ಖುಲ್ಲಾ ಇರ್ಲಿ. ಅದೇ ಶ್ರುತಿ ತಂಬೂರಿ ಆಮೇಲೆ ಮಿಕ್ಸಿಂಗ್‌ದಾಗ ಕೂಡಿಸಿದ್ರಾತು.