ಮೊದಲನೇ ಹಳೇ ವಾಚು, ಕೈಯಾಗ ನಾಲ್ಕು ಸಾವಿರ: ಏನು ನೋಡಿ ತಗೋಬೇಕು?

ಪ್ರಶ್ನೆ (ಸೇಡಂನಿಂದ):

ಕಾಕಾ, ಶರಣ್ರಿ. ಸಿಮೆಂಟ್ ಫ್ಯಾಕ್ಟರಿಯೊಳಗ ಕೆಲಸಕ್ಕ ಸೇರಿ ಆರು ತಿಂಗಳಾಯ್ತು. ನಮ್ಮ ಮುತ್ಯಾನ ಕೈಯಾಗ ಚಾವಿ ಕೊಡೋ ಎಚ್‌ಎಂಟಿ ಇತ್ತು. ಮುತ್ಯಾ ಹೋದಮ್ಯಾಲ ಅದು ಎಲ್ಲಿ ಹೋಯ್ತೋ ಮನಿಯಾಗ ಯಾರಿಗೂ ಗೊತ್ತಿಲ್ಲ. ಅಂಥಾದೇ ಒಂದು ನನಗ ಬೇಕು. ನಾಲ್ಕು ಸಾವಿರದ ಮ್ಯಾಲ ಹಾಕ್ಲಿಕ್ಕ ಆಗಲ್ಲ. ಆನ್‌ಲೈನ್‌ನಾಗ ಕೆಂಪು ಡಯಲ್ಲಿನ ಎಚ್‌ಎಂಟಿ ಪೈಲಟ್ 2,200ಕ್ಕ, ಜಪಾನಿನ ಸೈಕೋ 5 ಒಂದು 2,800ಕ್ಕ ಅದಾವ. ಎರಡೂ ಹೊಸಾವು ಇದ್ದಂಗ ಹೊಳೀತಾವ. ಯಾವ್ದು ತಗೊಳ್ಳಲಿ?

ಉತ್ತರ (ವಾಚ್ ರಿಪೇರಿ, ಕಲಬುರಗಿ):

ತಮ್ಮಾ, ಎರಡೂ ಬ್ಯಾಡ. ಹೊಳಪು ನೋಡಿ ಹಳೇ ವಾಚು ತಗೊಂಡವರು ತಿಂಗಳೊಳಗ ನನ್ನ ಟೇಬಲ್ ಮುಂದ ಬಂದು ಕೂಡ್ತಾರ. ಮೂವತ್ತು ನಲವತ್ತು ವರ್ಷ ಒಬ್ಬರ ಕೈಯಾಗ ದುಡಿದ ಡಯಲ್ ಸ್ವಲ್ಪ ಹಳದಿ ಆಗಿರ್ತದ, ಅಂಚಿನಾಗ ಒಂದೆರಡು ಚುಕ್ಕಿ ಬಿದ್ದಿರ್ತಾವ. ಹೊಚ್ಚ ಹೊಸದರಂಗ ಇದ್ರ ಯಾರೋ ಮೊನ್ನೆ ಬಣ್ಣ ಹೊಡೆದಾರ ಅಂತ ತಿಳ್ಕೋ. ಪೈಲಟ್ ಅಂದ್ರ ಕರೀ ಡಯಲ್, ದೊಡ್ಡ ಅಂಕಿ. ಕೆಂಪು, ಕಿತ್ತಳೆ, ಗಿಳಿಹಸಿರು ಬಣ್ಣದಾಗ ಈಗ ಮಾರ್ಲಿಕ್ಕ ಇಟ್ಟಾರಲ್ಲ, ಬಹಳಷ್ಟು ಆಮ್ಯಾಲ ಬಣ್ಣ ಬಳಿದಾವು.

ಹೋದ ವರ್ಷ ಶಹಾಬಾದಿನ ಹುಡುಗ ಒಬ್ಬ ಇಂಥಾದೇ ತಂದಿದ್ದ. ಎರಡು ದಿನ ನಡೆದು ನಿಂತದ ಅಂದ. ಹಿಂದಿನ ಮುಚ್ಚಳ ತೆಗೆದು ನೋಡಿದ್ರ ಮಶೀನ್ ಹಿಡಿಯೋ ಸ್ಕ್ರೂನೇ ಒಂದಿಲ್ಲ, ಚಾವಿ ಕಡ್ಡಿಯ ಸುತ್ತ ತುಕ್ಕು, ಮುಚ್ಚಳ ಬ್ಯಾರೆ ಯಾವುದೋ ವಾಚಿನದು. ಮೂರು ಸತ್ತ ವಾಚು ಕೂಡಿಸಿ ಒಂದು ಮಾಡಿದ್ರು. ಮೊದಲನೇ ಪಗಾರದಾಗ ತಗೊಂಡಿದ್ದ. ಅವನ ಮುಖ ನೋಡಿ ನನಗ ಬಹಳ ಸಂಕಟ ಆಯ್ತು. ಅದಕ್ಕೇ ಇಷ್ಟು ಉದ್ದ ಬರೀಲಿಕ್ಕ ಹತ್ತೀನಿ.

ನಿನಗ ಎಚ್‌ಎಂಟಿಯ ಜನತಾ ಮಾಡೆಲ್ ಸರಿ. ಎಚ್‌ಎಂಟಿ 1961ರಾಗ ಜಪಾನಿನ ಸಿಟಿಜನ್ ಕಂಪನಿ ಜೋಡಿ ಕೂಡಿ ಬೆಂಗಳೂರಿನಾಗ ವಾಚ್ ಮಾಡ್ಲಿಕ್ಕ ಶುರು ಮಾಡ್ತು. ಜನತಾದೊಳಗಿರೋ ಮಶೀನಿಗೆ ಸಿಟಿಜನ್ ಮಶೀನೇ ಮೂಲ: 17 ಜ್ಯುವೆಲ್, ಚಾವಿ ಕೊಟ್ಟು ನಡೆಸೋದು, ಗಂಟೆಗೆ 18,000 ಬಡಿತ. ಅಂದ್ರ ಸೆಕೆಂಡಿಗೆ ಐದು. ಕಿವಿಗೆ ಹಿಡಿದ್ರ ಟಿಕ್ ಟಿಕ್ ಒಂದೇ ಸಮ ಕೇಳ್ಬೇಕು, ಕುಂಟಬಾರದು. ಈ ಜ್ಯುವೆಲ್ ಮಾರಿದ್ರ ರೊಕ್ಕ ಬರ್ತದೇನು ಅಂತ ಭಾಳ ಮಂದಿ ಕೇಳ್ತಾರ. ಬರಲ್ಲ. ಅವು ಕಾರ್ಖಾನ್ಯಾಗ ಮಾಡಿದ ಮಾಣಿಕ್ಯದ ಚೂರು. ಚಕ್ರದ ತುದಿ ಸವೀಬಾರದು ಅಂತ ಹಾಕಿರ್ತಾರ.

ಜನತಾ ಯಾಕಂದ್ರ, ಕೆಟ್ಟರ ರಿಪೇರಿ ಆಗ್ತದ. 2016ರಾಗ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲಿಕ್ಕ ಒಪ್ಪಿಗಿ ಕೊಟ್ತು. ಈಗ ಬಿಡಿಭಾಗ ಬೇಕಾದ್ರ ಹೆಚ್ಚಾಗಿ ಕೆಟ್ಟ ಹಳೇ ವಾಚಿನಿಂದಲೇ ತೆಗೀಬೇಕು. ಜನತಾ ಊರೂರಿಗೆ ಹೋಗಿದ್ದರಿಂದ ಅಂಥಾವು ನಮ್ಮ ಡಬ್ಬಿಯೊಳಗ ಇನ್ನೂ ಅದಾವ. ಅಗಲ ಸುಮಾರು 35 ಮಿ.ಮೀ., ಈಗಿನ ವಾಚಿನ ಮುಂದ ಸಣ್ಣದು ಕಾಣ್ತದ. ಒಂದು ವಾರದಾಗ ಕಣ್ಣಿಗೆ ರೂಢಿ ಆಗ್ತದ.

ನಾಲ್ಕು ಸಾವಿರ ಪೂರಾ ವಾಚಿಗೇ ಸುರೀಬ್ಯಾಡ. 2,500ಕ್ಕಿಂತ ಹೆಚ್ಚು ಕೊಡಬ್ಯಾಡ, ಉಳಿದದ್ದು ಸರ್ವಿಸಿಗೆ, ಗ್ಲಾಸಿಗೆ, ಬೆಲ್ಟಿಗೆ ಬೇಕು. ಮಾರೋರು "ಸರ್ವಿಸ್ ಆಗ್ಯದ" ಅಂದ್ರೂ ನಾ ನಂಬಲ್ಲ. ಹೊರಗ ಪಾಲಿಶ್ ಹೊಡೆದು, ಒಳಗ ಒಂದು ಹನಿ ಎಣ್ಣಿ ಬಿಟ್ಟು ಸರ್ವಿಸ್ ಅಂತಾರ. ಖರೇ ಸರ್ವಿಸ್ ಅಂದ್ರ ಎಲ್ಲಾ ಬಿಚ್ಚಿ, ತೊಳೆದು, ಜಾಗ ಜಾಗಕ್ಕ ಎಣ್ಣಿ ಹಾಕಿ ತಿರುಗಿ ಕೂಡಿಸೋದು.

ಕೈಯಾಗ ಹಿಡಿದಾಗ ಮೊದಲು ಡಯಲ್ ನೋಡು. ಅಕ್ಷರದ ಅಂಚು ದಪ್ಪ ಆಗ್ಯದೇನು, ಅಂಕಿ ಎದುರಿನ ಗೆರಿ ಸರಿ ಕೂತದೇನು, ಕೆಳಗ ಸಣ್ಣ ಬರಹ ಅಳಿಸಿ ಹೋಗ್ಯದೇನು. ಆಮ್ಯಾಲ ಚಾವಿ ಕೊಡು. ಇಪ್ಪತ್ತು ಮೂವತ್ತು ಸುತ್ತಿಗೆ ತಾನೇ ಬಿಗೀತದ, ಅಲ್ಲಿಗೆ ಬಿಡು. ಮುಗೀಲಾರದೇ ತಿರುಗ್ತಾ ಹೋದ್ರ ಸ್ಪ್ರಿಂಗ್ ಜಾರಿರ್ಬಹುದು, ಇಲ್ಲಾ ಕಡಿದಿರ್ಬಹುದು. ಕ್ರೌನ್, ಅಂದ್ರ ಚಾವಿ ಕೊಡೋ ಗುಂಡಿ, ಜಗ್ಗಿ ಮುಳ್ಳು ತಿರುಗಿಸು, ಎಲ್ಲಿಯೂ ಹಿಡೀಬಾರದು. ಹಿಂದಿನ ಮುಚ್ಚಳ ತೆಗೆದು ತೋರ್ಸು ಅಂತ ಕೇಳು. ತೋರ್ಸಲ್ಲ ಅಂದವನ ಹತ್ರ ಒಂದು ರೂಪಾಯಿನೂ ಕೊಡಬ್ಯಾಡ. ಆನ್‌ಲೈನ್ ಆದ್ರ ಮಶೀನಿನ ಫೋಟೋ, ವಾಚು ನಡೆಯೋ ವಿಡಿಯೋ, ವಾಪಸ್ ಕೊಡೋ ಮಾತು, ಮೂರೂ ಇರ್ಬೇಕು.

ಆದರ ಅದಕ್ಕೂ ಮೊದಲು ಒಂದು ಕೆಲಸ ಮಾಡು. ನಿಮ್ಮ ಬಳಗದಾಗ ಕೇಳು. ನಮ್ಮ ಕಡೆ ಮದುವ್ಯಾಗ ಅಳಿಯಗ ವಾಚು ಕೊಡೋದು ಎಷ್ಟು ಮನಿಯಾಗ ನಡೆದದ! ಟ್ರಂಕಿನ ತಳದಾಗ, ಕಾಗದಪತ್ರದ ಡಬ್ಬ್ಯಾಗ ಬಿದ್ದಿರ್ತಾವ. ನಿಮ್ಮ ಮುತ್ಯಾನದೇ ಸಿಗಬಹುದು.

ಪ್ರಶ್ನೆ (ಯಾದಗಿರಿಯಿಂದ):

ಸರ್, ಸೈಕೋ 5 ಬ್ಯಾಡ ಅಂದ್ರಿ. ನಮ್ಮ ಮಾವ ಸೌದಿಯಿಂದ ತಂದದ್ದು 30 ವರ್ಷ ಆದ್ರೂ ನಡೀಲಿಕ್ಕ ಹತ್ತದ?

ಉತ್ತರ:

ವಾಚು ಕೆಟ್ಟದು ಅಂತ ನಾ ಅನ್ನಲಿಲ್ರಿ. ಸೈಕೋ 5 ಅನ್ನೋದು 1963ರಾಗ ಬಂತು, ಬಹಳ ಗಟ್ಟಿ ಮಶೀನ್. ನಿಮ್ಮ ಮಾವ ತಂದದ್ದು ಎಲ್ಲಿಂದ ಬಂತು ಅಂತ ನಿಮಗ ಗೊತ್ತದ, ಜೋಪಾನ ಮಾಡ್ರಿ. ಹಳೇ ಸೈಕೋ 5ರಾಗ ಬಹಳಷ್ಟಕ್ಕ ಚಾವಿ ಕೊಡ್ಲಿಕ್ಕ ಬರಲ್ಲ, ಕೈ ಅಲುಗಾಡಿದ್ರೇ ನಡೀತಾವ. ನಾ ಬ್ಯಾಡ ಅಂದದ್ದು ಪ್ಯಾಟ್ಯಾಗ ಹೊಸ ಡಯಲ್ ಹಾಕಿ ಮಾರೋವು. ಅವುನ್ನ ಗುರ್ತು ಹಿಡೀಲಿಕ್ಕ ಕಣ್ಣು ಪಳಗಬೇಕು, ಮೊದಲನೇ ಸಲಕ್ಕ ಕಷ್ಟ.

ಪ್ರಶ್ನೆ (ಬೀದರ್‌ನಿಂದ):

ಅಣ್ಣಾರ, ನಮ್ಮ ಅಪ್ಪಾಜಿ ಮದುವಿ ವಾಚು ಅದ, ಸ್ವಿಸ್ ಕಂಪನಿದು, 1965ರ ಮೊದಲಿಂದು. ಇಪ್ಪತ್ತು ವರ್ಷದಿಂದ ಬೀರುದಾಗ ಇತ್ತು. ಡಯಲ್ ಕಂದು ಆಗ್ಯದ. ಇಲ್ಲಿ ಒಬ್ಬರು ಹೊಸಾ ಬಣ್ಣ ಹೊಡೆದು ಕೊಡ್ತೀನಿ ಅಂತಾರ.

ಉತ್ತರ:

ಅಕ್ಕಾರ, ಕೈ ಮುಗಿದು ಕೇಳ್ತೀನಿ, ಹೊಡಿಸಬ್ಯಾಡ್ರಿ. ಆ ಕಂದು ನಿಮ್ಮ ತಂದೆಯವರ ವರ್ಷಗಳು. ಬಣ್ಣದ ಕೆಳಗ ಒಮ್ಮೆ ಹೋದ್ರ ತಿರುಗಿ ಬರಲ್ಲ. ಇನ್ನೂ ಒಂದು ಮಾತು, ಚಾವಿನೂ ಕೊಡಬ್ಯಾಡ್ರಿ. ಇಪ್ಪತ್ತು ವರ್ಷದಾಗ ಒಳಗಿನ ಎಣ್ಣಿ ಒಣಗಿ ಅಂಟು ಆಗಿರ್ತದ, ನಡೆಸಿದ್ರ ಚಕ್ರದ ತುದಿ ಸವೀತಾವ. ಮೊದಲು ರಿಪೇರಿಯವರ ಹತ್ರ ಮಶೀನ್ ಬಿಚ್ಚಿಸಿ ತೊಳೆಸ್ರಿ. ಮುಳ್ಳಿನ ಮ್ಯಾಲ ಕತ್ತಲಾಗ ಹೊಳೆಯೋ ಬಣ್ಣ ಇದ್ರ ಅದನ್ನ ಕೆರೀಬ್ಯಾಡ್ರಿ, ಆ ಕಾಲದ ಕೆಲವು ವಾಚಿನಾಗ ರೇಡಿಯಂ ಹಾಕ್ತಿದ್ರು. ಪುಡಿ ಮೂಗಿನಾಗ ಹೋಗಬಾರದು.

ಮರುಪ್ರಶ್ನೆ (ಸೇಡಂನಿಂದ):

ಕಾಕಾ, ಮುತ್ಯಾಂದು ಸಿಗಲಿಲ್ಲ. ಆದರ ನಮ್ಮ ಸೋದರತ್ತಿ ಮನಿಯಾಗ ಜನತಾ ಒಂದು ಸಿಕ್ತು! ಬಿಳಿ ಡಯಲ್, ದೇವನಾಗರಿಯಾಗ "ಜನತಾ" ಅಂತ ಬರೆದದ. ಗ್ಲಾಸ್ ಒಡೆದದ. ನಾ ಸುಮ್ಮನ ಅಲುಗಾಡಿಸಿದ್ರ ನಡೀತು, ಆದರ ದಿನಕ್ಕ ಹತ್ತು ನಿಮಿಷ ಮುಂದ ಓಡ್ಲಿಕ್ಕ ಹತ್ತದ.

ಉತ್ತರ:

ಅಬ್ಬಾ, ಭಾಳ ಖುಷಿ ಆಯ್ತು ತಮ್ಮಾ! ಹತ್ತು ನಿಮಿಷ ಮುಂದ ಓಡ್ತದ ಅಂದ್ರ ಎಲ್ಲೋ ಅಯಸ್ಕಾಂತದ ಹತ್ರ ಇಟ್ಟಿರ್ಬಹುದು. ಸ್ಪೀಕರ್, ಫೋನಿನ ಕವರಿನ ಮ್ಯಾಗ್ನೆಟ್, ಇಷ್ಟು ಸಾಕು. ಒಳಗಿನ ಕೂದಲಿನಂಥ ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ಅಂಟಿಕೊಂಡು ಬಡಿತ ಜೋರಾಗ್ತದ. ಹಂಗಿದ್ರ ಆ ಅಯಸ್ಕಾಂತದ ಗುಣ ತೆಗಿಯೋ ಒಂದು ಸಣ್ಣ ಮಶೀನ್ ನಮ್ಮ ಹತ್ರ ಅದ, ಒಂದು ನಿಮಿಷದ ಕೆಲಸ. ಸರ್ವಿಸ್ ಆದಮ್ಯಾಲ ದಿನಕ್ಕ ಅರ್ಧ ನಿಮಿಷ ಹಿಂದುಮುಂದಾದ್ರ ಅದು ಸರಿಯೇ ಅದ ಅಂತ ತಿಳ್ಕೋ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಫ್ಯಾಕ್ಟರಿ ಒಳಗ ಅದನ್ನ ಕಟ್ಟಬ್ಯಾಡ. ಹಳೇ ವಾಚಿನಾಗ ಧೂಳು ತಡೆಯೋ ರಬ್ಬರ್ ಗಟ್ಟಿಯಾಗಿ ಹೋಗಿರ್ತದ, ಸಿಮೆಂಟಿನ ಧೂಳು ಕ್ರೌನ್ ಸಂದಿನಿಂದ ನೇರ ಒಳಗ ಹೋಗಿ ಎಣ್ಣಿ ಜೋಡಿ ಕಲೆತು ಉಜ್ಜೋ ಕಾಗದದ ಕೆಲಸ ಮಾಡ್ತದ. ಬ್ಯಾಸಿಗ್ಯಾಗ ನಮ್ಮ ಕಡೆ ಬೆವರು ಬ್ಯಾರೆ. ಸರ್ವಿಸ್ ಆದಮ್ಯಾಲ ದಿನಾ ಮುಂಜಾನೆ ಎದ್ದು ಚಾವಿ ಕೊಡು, ಡ್ಯೂಟಿ ಮುಗಿಸಿ ಮೈ ತೊಳ್ಕೊಂಡ ಮ್ಯಾಲ ಕಟ್ಟು. ಬೆಲ್ಟ್ ತಗೊಳ್ಳೋ ಮುಂದ ಅಳತಿ ನೋಡು, 18 ಮಿ.ಮೀ. ಕೂಡಬಹುದು. ಕಬ್ಬಿಣದ ಚೈನ್ ಬ್ಯಾಡ, ತೊಗಲಿಂದೇ ಹಾಕು.

ಒಡೆದ ಗ್ಲಾಸಿನ ಚೂರು ಡಯಲ್ ಮ್ಯಾಲ ಬಿದ್ದಿದ್ರ ಕೈಯಿಂದ ಒರೆಸಬ್ಯಾಡ. ಹಂಗೇ ಅರವಿಯಾಗ ಸುತ್ತಿ, ಡಬ್ಬ್ಯಾಗ ಇಟ್ಟು ತಗೊಂಡು ಬಾ. ನಡೆಸ್ಕೋತ ತರಬ್ಯಾಡ, ನಿಂತಿರಲಿ.