‘ನಾಚಿಕೆ’ ಅಂದರೆ ಬೈಗುಳ ಅಷ್ಟೇ ಅಲ್ಲ

ಶರಣ್ರಿ ಎಲ್ಲರಿಗೂ. ಮಕ್ಕಳಿಗೆ ‘ನಾಚಿಕೆ ಆಗಲ್ವಾ?’ ಅನ್ನಬೇಕೋ ಬೇಡವೋ ಅನ್ನೋ ಚರ್ಚೆ ಓದಿದೆ. ಆ ಮಾತೇ ಬೇಡ, ಮಕ್ಕಳ ಮನಸ್ಸಿಗೆ ನೋವಾಗುತ್ತೆ ಅಂತ ಸುಮಾರು ಜನ ಬರೆದಿದ್ದೀರಿ. ಹಾಗೆ ಬೈಯೋದು ಬೇಡ, ಒಪ್ಪಿದೆ. ಆದರೆ ಮಾತನ್ನೇ ಮನೆಯಿಂದ ಓಡಿಸೋದು ಯಾಕೆ?

ಕಳೆದ ಬೇಸಿಗೆಯಲ್ಲಿ ಮಗನ ಜೊತೆ ಜಮಖಂಡಿಗೆ ಹೋಗಿದ್ದೆ. ಊಟದ ಹೊತ್ತಿಗೆ ನಮ್ಮ ಅತ್ತೆ ಬಿಸಿ ಜೋಳದ ರೊಟ್ಟಿ ತಂದು, ‘ನಾಚ್ಕೋಬ್ಯಾಡೋ ತಮ್ಮಾ, ಇನ್ನೊಂದು ಹಾಕ್ಕೋ’ ಅಂದರು. ಇವನು ಶೇಂಗಾ ಹಿಂಡಿ ಹಚ್ಚಿದ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ‘ನಾನೇನು ತಪ್ಪು ಮಾಡಿದೆ?’ ಅಂತ ಇಂಗ್ಲಿಷಿನಲ್ಲಿ ಕೇಳಿದ. ಪಾಪ, ಆ ಮಾತು ಅವನ ಕಿವಿಗೆ ಬಿದ್ದಿದ್ದೆಲ್ಲ ಬೈಗುಳದಲ್ಲೇ.

ನಮ್ಮ ಕಡೆ ಮದುಮಗಳು ನಾಚಿದರೆ ಚೆಂದ. ಸಾಲ ಮಾಡಿ ತಲೆ ತಪ್ಪಿಸಿಕೊಂಡು ತಿರುಗೋನು ‘ನಾಚಿಗಿಲ್ಲದಾಂವ’. ನೆಂಟರ ಮನೆಯಲ್ಲಿ ನಾಚೋದು ಬರೀ ಸಂಕೋಚ. ಮುಟ್ಟಿದರೆ ಎಲೆ ಮಡಚಿಕೊಳ್ಳೋ ಗಿಡಕ್ಕೂ ನಾಚಿಕೆ ಮುಳ್ಳು ಅಂತಾರೆ. ಬೆಳಗಾವಿಯ ಮರಾಠಿಯವರ ‘ಲಾಜ್’, ವಿಜಯಪುರದ ದಖನಿ ಉರ್ದು ಮಾತಾಡೋರ ‘ಶರಮ್’ ಕೂಡ ಹೀಗೇ, ಸಂಕೋಚಕ್ಕೂ ತಪ್ಪು ಮಾಡಿದ ನಾಚಿಕೆಗೂ ನಡೆಯುತ್ತೆ. ಇಂಗ್ಲಿಷಿನಲ್ಲಿ ಶೈ ಬೇರೆ, ಶೇಮ್ ಬೇರೆ. ಇಲ್ಲಿ ಹೊರನಾಡಿನಲ್ಲಿ ಬೆಳೆಯೋ ನಮ್ಮ ಮಕ್ಕಳು ನಾಚಿಕೆ ಅಂದರೆ ಶೇಮ್ ಅಂತ ಮಾತ್ರ ಕಲಿತಿರುತ್ತಾರೆ. ಕಲಿಸಿದವರು ನಾವೇ ಅಲ್ವಾ?

ಚುಚ್ಚೋಕೆ ಬೇಕಾದರೆ ಮಾನಗೇಡಿ, ಲಜ್ಜೆಗೇಡಿ ಅಂತ ಬೇರೆ ಮಾತುಗಳೇ ಇವೆ. ‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’ ಅಂತಾರಲ್ಲ, ಮಾನ, ಮರ್ಯಾದೆ, ನಾಚಿಕೆ ಮೂರನ್ನೂ ಬಿಟ್ಟವರು ಅಂತ. ಅದೆಲ್ಲ ಚುನಾವಣೆ ಕಾಲಕ್ಕೆ ಇರಲಿ. ಹಾಲು ಚೆಲ್ಲಿದ ಕೂಸಿಗೆ ಯಾಕೆ?

ನನ್ನ ಮಟ್ಟಿಗೆ, ತಪ್ಪು ಮಾಡಿದಾಗ ‘ಹಂಗ ಮಾಡಬಾರದು’ ಅಂದರೆ ಸಾಕು. ನಾಚಿಕೆ ಅನ್ನೋದು ಊಟಕ್ಕೆ ಕೂತಾಗ, ಹಾಡು ಹೇಳಿಸುವಾಗ ಬರಲಿ. ವಿಡಿಯೋ ಕಾಲಿನಲ್ಲಿ ಮಗು ಸುಮ್ನೆ ಕೂತಾಗ ಅಜ್ಜಿ ‘ಯಾಕೋ ನಾಚ್ತಿ?’ ಅಂದರೆ, ಅದು ಮುದ್ದು ಮಾಡೋ ಮಾತು ಅಂತ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿ.

ಮೈಸೂರು, ಮಂಗಳೂರು ಕಡೆಯವರು ಊಟಕ್ಕೆ ಒತ್ತಾಯ ಮಾಡುವಾಗ ಏನಂತೀರಿ? ಬರೆಯಿರಿ, ನಮ್ಮ ಭಾನುವಾರದ ಕನ್ನಡ ತರಗತಿಗೆ ಬೇಕು.